ಇಂಧನ ಸಂಶೋಧನೆಗೆ ಸರ್ಕಾರದ ಅನುದಾನ: ಸಣ್ಣ ಊರಿನ ಕಾಲೇಜಿನಿಂದ ಅರ್ಜಿ ಹಾಕುವವರಿಗೆ

ದೀಪಾವಳಿ ಆಚೀಚೆ ಮಲೆನಾಡಿನ ಅಡಿಕೆ ಬೆಳೆಗಾರರ ಅಂಗಳದಲ್ಲಿ ರಾತ್ರಿಯೂ ಒಲೆ ಆರುವುದಿಲ್ಲ. ಸುಲಿದ ಅಡಿಕೆ ಹಂಡೆಯಲ್ಲಿ ಚೊಗರಿನ (ಹಿಂದೆ ಅಡಿಕೆ ಬೇಯಿಸಿದ ಒಗರು ನೀರು) ಜೊತೆ ಕುದಿಯುತ್ತಿರುತ್ತದೆ, ಯಾರಾದರೊಬ್ಬರು ಒಲೆಗೆ ದಪ್ಪ ಸೌದೆಯ ಕುಂಟೆ ನೂಕುತ್ತಲೇ ಇರುತ್ತಾರೆ. ಬೆಳಗಾದರೆ ಬೇಯಿಸಿದ್ದನ್ನು ಒಣಹಾಕಲು ಬಿಸಿಲು ಬರುತ್ತದೋ ಇಲ್ಲವೋ ಎಂದು ಎಲ್ಲರ ಕಣ್ಣೂ ಮೋಡದ ಮೇಲೆ. ಕೆಲವು ವರ್ಷಗಳ ಹಿಂದೆ ಇಂಥ ಮನೆಯಿಂದ ಬಂದ ವಿದ್ಯಾರ್ಥಿಯೊಬ್ಬ ತರಗತಿ ಮುಗಿದ ಮೇಲೆ ನಿಂತು ಕೇಳಿದ: "ಸರ್, ಒಂದು ಕ್ವಿಂಟಲ್ ಅಡಿಕೆ ಬೇಯಿಸಿ ಒಣಗಿಸೋಕೆ ಎಷ್ಟು ಕೆ.ಜಿ. ಸೌದೆ ಬೇಕು?" ನಾನು ಮೆಕ್ಯಾನಿಕಲ್ ವಿಭಾಗದಲ್ಲಿ ಉಷ್ಣಶಾಸ್ತ್ರ ಪಾಠ ಮಾಡುವವನು. ನನಗೆ ಗೊತ್ತಿರಲಿಲ್ಲ. ಅವನ ತಂದೆಯವರನ್ನು ಕೇಳಿದರೆ "ಸೀಸನ್ನಿಗೆ ಇಷ್ಟು ಗಾಡಿ" ಅಂದರು.

ಆ ಪ್ರಶ್ನೆಯಿಂದ ಶುರುವಾದದ್ದು ಮೊದಲು ಒಂದು ಪುಟ್ಟ ವಿದ್ಯಾರ್ಥಿ ಯೋಜನೆಯಾಯಿತು, ಆಮೇಲೆ ಎರಡು ಸಲ ತಿರಸ್ಕೃತವಾಯಿತು, ಮೂರನೇ ಸಲ ಕೇಂದ್ರ ಸರ್ಕಾರದ ಅನುದಾನ ತಂದಿತು. ಈ ದಾರಿಯಲ್ಲಿ ಕಲಿತದ್ದನ್ನು ನನ್ನ ಹಾಗೆ ಸಣ್ಣ ಊರಿನ ಕಾಲೇಜಿನಲ್ಲಿ ಕೂತು, "ಇದೆಲ್ಲ ಐಐಟಿಯವರಿಗೆ, ಐಐಎಸ್‌ಸಿಯವರಿಗೆ ಮಾತ್ರ" ಅಂದುಕೊಂಡಿರುವ ಅಧ್ಯಾಪಕರಿಗೆ, ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ, ಈಗಷ್ಟೇ ಕಂಪನಿ ನೋಂದಾಯಿಸಿರುವ ಹುಡುಗ ಹುಡುಗಿಯರಿಗೆ ಹೇಳಬೇಕು ಅನಿಸಿದೆ. ನಾನು ಕಂಡ ಮಟ್ಟಿಗೆ ನಮ್ಮ ಕಡೆಯ ಅರ್ಜಿಗಳು ಐಡಿಯಾ ಇಲ್ಲದೆ ಬೀಳುವುದು ಕಡಿಮೆ. ಅಳತೆಯಿಲ್ಲದೆ ಹೋಗುತ್ತವೆ, ತಪ್ಪು ಬಾಗಿಲು ತಟ್ಟುತ್ತವೆ, ಅದಕ್ಕೇ ಬೀಳುತ್ತವೆ.

ಮೊದಲ ಹೆಜ್ಜೆ: ಹಣ ಕೇಳುವ ಮೊದಲು ಅಳೆಯಿರಿ

ಅರ್ಜಿಯ ನಮೂನೆಯನ್ನು ಇಳಿಸಿಕೊಳ್ಳುವುದಕ್ಕೂ ಮುಂಚೆ ನಿಮ್ಮ ಸಮಸ್ಯೆಯನ್ನು ಅಂಕಿಗಳಲ್ಲಿ ಹಿಡಿಯಿರಿ. ಇದಕ್ಕೆ ದೊಡ್ಡ ಉಪಕರಣ ಬೇಡ. ನಾವು ಮಾಡಿದ್ದು ಇಷ್ಟೇ: ಒಂದು ತೂಗುಹಾಕುವ ತಕ್ಕಡಿ, ಶಾಖ ಅಳೆಯುವ ಎರಡು ಥರ್ಮೋಕಪಲ್, ಒಂದು ನೋಟುಪುಸ್ತಕ. ಹನ್ನೊಂದು ಮನೆಗಳಿಗೆ ಹೋಗಿ ಒಲೆಗೆ ಹಾಕುವ ಮೊದಲು ಸೌದೆ ತೂಗಿದೆವು, ಉರಿ ಹಚ್ಚಿದ್ದು ಎಷ್ಟು ಹೊತ್ತಿಗೆ, ಹಂಡೆ ಕುದಿ ಬಂದದ್ದು ಎಷ್ಟು ಹೊತ್ತಿಗೆ ಎಂದು ಬರೆದುಕೊಂಡೆವು. ಒಣಹಾಕಿದ ಅಡಿಕೆಯಿಂದ ಪ್ರತಿ ಸಂಜೆ ಒಂದು ಹಿಡಿ ತಂದು ಪ್ರಯೋಗಾಲಯದ ಓವನ್ನಿನಲ್ಲಿಟ್ಟು ತೇವಾಂಶ ನೋಡಿದೆವು. ಒಂದು ಸೀಸನ್ ಮುಗಿಯುವ ಹೊತ್ತಿಗೆ ನಮ್ಮ ಕೈಲಿದ್ದ ನಲವತ್ತು ಪುಟಗಳು ಮುಂದೆ ಬರೆದ ಯಾವ ಪ್ರಸ್ತಾವಕ್ಕಿಂತಲೂ ಹೆಚ್ಚು ಬೆಲೆಯವು. ಸೌದೆಯ ಬಹುಪಾಲು ಬೇಯಿಸಲು ಹೋಗುತ್ತದೆ ಎಂದು ನಾವು ನಂಬಿದ್ದೆವು. ಮಳೆ ಹಿಡಿದ ವಾರಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಲು ಉರಿಸುವ ಸೌದೆ ನಮ್ಮ ಲೆಕ್ಕವನ್ನೇ ತಿರುವಿ ಹಾಕಿತು. ಒಲೆ ಸುಧಾರಿಸುವ ಯೋಜನೆ ಒಣಗೂಡಿನ, ಅಂದರೆ ಅಡಿಕೆ ಒಣಗಿಸುವ ಗೂಡಿನ, ಯೋಜನೆಯಾದದ್ದು ಅಲ್ಲಿಂದ.

ಇದಕ್ಕೆ ನಮ್ಮದೇ ನಾಡಿನಲ್ಲಿ ದೊಡ್ಡ ಪರಂಪರೆಯಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಹುಟ್ಟಿತು. ಅವರು ಯಂತ್ರ ಕಟ್ಟುವ ಮೊದಲು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಯಾರು ಎಷ್ಟು ಸೌದೆ ಉರಿಸುತ್ತಾರೆ, ಅದನ್ನು ತರಲು ಹೆಂಗಸರು ಮಕ್ಕಳು ಎಷ್ಟು ದೂರ ನಡೆಯುತ್ತಾರೆ ಎಂದು ಲೆಕ್ಕ ಹಾಕಿದರು. ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರೊಟ್ಟಿಗೆ ಒಂದು ಗೋಬರ್ ಗ್ಯಾಸ್ ಘಟಕ ಬಂತು. ಮೊದಲ ಉದ್ದೇಶ ಅಡುಗೆ ಅನಿಲ. ಊರಿನ ಸಗಣಿ ಅಷ್ಟಕ್ಕೆ ಸಾಲಲಿಲ್ಲ. ಯೋಜನೆ ಮಡಚಿ ಮನೆಗೆ ಹೋಗುವ ಬದಲು ಅವರು ಅದೇ ಅನಿಲದಿಂದ ಎಂಜಿನ್ ಓಡಿಸಿ ಊರಿಗೆ ದೀಪ, ನಲ್ಲಿ ನೀರು ಕೊಟ್ಟರು. 1987ರಿಂದ ಆ ವ್ಯವಸ್ಥೆ ನಡೆಯಿತು. ಅಳತೆ ಕೈಲಿದ್ದವರಿಗೆ ಮಾತ್ರ ಹೀಗೆ ಮಗ್ಗುಲು ಬದಲಿಸಲು ಸಾಧ್ಯ. ಸರ್ಕಾರದ ಹಣವನ್ನು ಚೆನ್ನಾಗಿ ಬಳಸುವುದು ಅಂದರೆ ನನ್ನ ಮಟ್ಟಿಗೆ ಈ ಕೆಲಸ.

ಎರಡನೇ ಹೆಜ್ಜೆ: ನಿಮ್ಮ ಬಾಗಿಲು ಯಾವುದು?

ಇಲ್ಲಿ ನಿಧಾನವಾಗಿ ಓದಿ. ನನ್ನ ಮೊದಲ ಎರಡು ವರ್ಷ ಹೋದದ್ದು ಇಲ್ಲೇ.

ಭಾರತದಲ್ಲಿ ಇಂಧನ ಸಂಶೋಧನೆಗೆ ಒಂದೇ ಕಚೇರಿ ಇಲ್ಲ. ಕಲ್ಲಿದ್ದಲು, ತೈಲ, ವಿದ್ಯುತ್, ನವೀಕರಿಸಬಹುದಾದ ಇಂಧನ, ಅಣುಶಕ್ತಿ ಎಂದು ಐದು ಕಡೆ ಹಂಚಿಹೋಗಿದೆ. ಜೊತೆಗೆ ವಿಜ್ಞಾನ ತಂತ್ರಜ್ಞಾನ ಇಲಾಖೆ, ಜೈವಿಕ ತಂತ್ರಜ್ಞಾನ ಇಲಾಖೆಗಳು ತಮ್ಮದೇ ಲೆಕ್ಕದಲ್ಲಿ ಕೊಡುತ್ತವೆ. ನಿಮ್ಮ ವಿಷಯ ಟ್ರಾನ್ಸ್‌ಫಾರ್ಮರ್, ಇನ್ಸುಲೇಟರ್, ಮೀಟರ್, ಲೈನ್ ನಷ್ಟ ಇಂಥದ್ದಾದರೆ ವಿದ್ಯುತ್ ಸಚಿವಾಲಯದ ಸಂಶೋಧನಾ ಯೋಜನೆಗಳತ್ತ ನೋಡಿ. ಅವನ್ನು ನಿರ್ವಹಿಸುವುದು ಬೆಂಗಳೂರಿನ ಸಿಪಿಆರ್‌ಐ, ಅಂದರೆ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ. 1960ರಲ್ಲಿ ಶುರುವಾದ ಈ ಸಂಸ್ಥೆ ನಮ್ಮ ರಾಜಧಾನಿಯಲ್ಲೇ ಇದ್ದೂ ನಮ್ಮ ಅನೇಕ ಎಲೆಕ್ಟ್ರಿಕಲ್ ವಿಭಾಗಗಳಿಗೆ ಅದು ಪರೀಕ್ಷೆ ಮಾಡಿಸುವ ಜಾಗವೆಂದಷ್ಟೇ ಗೊತ್ತು. ಕಾಲೇಜುಗಳಿಗೂ ಸಂಶೋಧನೆಗೆ ಹಣ ಬರುವ ದಾರಿ ಅಲ್ಲಿದೆ. ಸೌರ, ಗಾಳಿ, ಜೀವರಾಶಿ (ಬಯೋಮಾಸ್), ಹೈಡ್ರೋಜನ್ ಆದರೆ ನವ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯ. ಅದರ ಸಂಶೋಧನಾ ಕಾರ್ಯಕ್ರಮದಲ್ಲಿ ಸರ್ಕಾರಿ ಮತ್ತು ಲಾಭರಹಿತ ಸಂಶೋಧನಾ ಸಂಸ್ಥೆಗಳಿಗೆ ಪೂರ್ತಿ ವೆಚ್ಚ ಸಿಗಬಹುದು, ಕಂಪನಿಗಳಿಗೆ ಒಂದು ಪಾಲು ಮಾತ್ರ. ಸೌರದಲ್ಲಿ ಗುರುಗ್ರಾಮದ, ಗಾಳಿಯಲ್ಲಿ ಚೆನ್ನೈನ, ಜೈವಿಕ ಇಂಧನದಲ್ಲಿ ಕಪೂರ್ತಲಾದ ರಾಷ್ಟ್ರೀಯ ಸಂಸ್ಥೆಗಳು ಇದೇ ಸಚಿವಾಲಯದವು. ಅಲ್ಲಿಯ ಒಬ್ಬ ವಿಜ್ಞಾನಿಯನ್ನು ಜೊತೆ ಸಂಶೋಧಕರಾಗಿ ಸೇರಿಸಿಕೊಳ್ಳಲು ಸಾಧ್ಯವಾದರೆ ಅರ್ಜಿಗೆ ಬಲ ಬರುತ್ತದೆ. ಕಲ್ಲಿದ್ದಲಾದರೆ ರಾಂಚಿಯ ಸಿಎಂಪಿಡಿಐ, ಅಂದರೆ ಕೇಂದ್ರೀಯ ಗಣಿ ಯೋಜನೆ ಮತ್ತು ವಿನ್ಯಾಸ ಸಂಸ್ಥೆ. ಅಣು ವಿಜ್ಞಾನವಾದರೆ ಅಣುಶಕ್ತಿ ಇಲಾಖೆಯ ಬಿಆರ್‌ಎನ್‌ಎಸ್ ಮಂಡಳಿ.

ಮೂಲ ವಿಜ್ಞಾನಕ್ಕೆ, ಅಂದರೆ ಬ್ಯಾಟರಿಯ ಎಲೆಕ್ಟ್ರೋಡಿಗೆ ಹೊಸ ವಸ್ತು ಹುಡುಕುವಂಥ ಕೆಲಸಕ್ಕೆ ಹಿಂದೆ ಎಸ್‌ಇಆರ್‌ಬಿ, ಅಂದರೆ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ, ಇತ್ತು. 2023ರ ಕಾಯ್ದೆಯ ಪ್ರಕಾರ ಅದರ ಜಾಗಕ್ಕೆ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ, ಎಎನ್‌ಆರ್‌ಎಫ್, ಬಂದಿದೆ. 2024ರ ಫೆಬ್ರುವರಿಯಿಂದ ಕಾಯ್ದೆ ಜಾರಿಯಲ್ಲಿದೆ. ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಗುರಿ, ಅದರಲ್ಲಿ ಕೇಂದ್ರ ಸರ್ಕಾರದ ಪಾಲು 14,000 ಕೋಟಿ, ಉಳಿದದ್ದು ಉದ್ಯಮ ಮುಂತಾದ ಕಡೆಯಿಂದ. ಹಳೆಯ ವರ್ಷಗಳ ಮಾರ್ಗದರ್ಶಿ ಓದಿ ಎಸ್‌ಇಆರ್‌ಬಿ ಹೆಸರಿನಲ್ಲೇ ಅರ್ಜಿ ಸಿದ್ಧ ಮಾಡುವವರನ್ನು ನಾನು ಈಗಲೂ ನೋಡುತ್ತಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಎಎನ್‌ಆರ್‌ಎಫ್‌ನಲ್ಲಿ ಹೊಸದಾಗಿ ಸೇರಿದ ಅಧ್ಯಾಪಕರಿಗೆ ಪ್ರಧಾನಮಂತ್ರಿ ಹೆಸರಿನ ಆರಂಭಿಕ ವೃತ್ತಿ ಅನುದಾನವಿದೆ. ವಿದ್ಯುತ್ ವಾಹನದ ಬ್ಯಾಟರಿ, ಮೋಟಾರು, ಚಾರ್ಜಿಂಗ್ ಬಗ್ಗೆ ಕೆಲಸ ಮಾಡುವವರಿಗೆ ಅವರ 'ಮಹಾ-ಇವಿ' ಯೋಜನೆ ಇದೆ. ಮುಂಚೂಣಿ ಸಂಸ್ಥೆಯೊಂದರ ಸುತ್ತ ಸಣ್ಣ ವಿಶ್ವವಿದ್ಯಾಲಯಗಳನ್ನು ಕಟ್ಟುವ 'ಪೇರ್' ಯೋಜನೆಯೂ ಇದೆ.

ದೊಡ್ಡ ಹಣ ಎಲ್ಲಿ ಹರಿಯುತ್ತಿದೆ ಎಂಬುದೂ ನಿಮಗೆ ಗೊತ್ತಿರಲಿ, ಏಕೆಂದರೆ ಕರೆಗಳು, ಅಂದರೆ ಪ್ರಸ್ತಾವ ಕಳಿಸಿ ಎಂಬ ಪ್ರಕಟಣೆಗಳು, ಅದರ ಹಿಂದೆಯೇ ಬರುತ್ತವೆ. 2023ರ ಜನವರಿಯಲ್ಲಿ ಒಪ್ಪಿಗೆಯಾದ ಹಸಿರು ಹೈಡ್ರೋಜನ್ ಮಿಷನ್ನಿನ ಒಟ್ಟು ಗಾತ್ರ 19,744 ಕೋಟಿ. ಅದರೊಳಗೆ ಸಂಶೋಧನೆ ಮತ್ತು ಅಭಿವೃದ್ಧಿಗೆಂದು ಇಟ್ಟದ್ದು 400 ಕೋಟಿ. ಸಿಂಹಪಾಲು ಉತ್ಪಾದನೆಯ ಪ್ರೋತ್ಸಾಹಕ್ಕೆ. 2025-26ರ ಬಜೆಟ್ಟಿನಲ್ಲಿ ಸಣ್ಣ ಅಣು ರಿಯಾಕ್ಟರ್‌ಗಳ ಸಂಶೋಧನೆಗೆ 20,000 ಕೋಟಿಯ ಮಿಷನ್ ಘೋಷಣೆಯಾಯಿತು, 2033ರ ಹೊತ್ತಿಗೆ ಕನಿಷ್ಠ ಐದು ಸ್ವದೇಶಿ ರಿಯಾಕ್ಟರ್ ನಡೆಯಬೇಕೆಂಬ ಗುರಿಯೊಂದಿಗೆ. ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಲೆ, ಒಣಗೂಡು, ಪಂಪ್‌ಸೆಟ್‌ನಂಥ ದಿನಬಳಕೆಯ ಶಕ್ತಿಯ ಸಂಶೋಧನೆಗೆ ಉಳಿಯುವ ಪಾಲು ಚಿಕ್ಕದು. ಅದು ನ್ಯಾಯವೆಂದು ನನಗೆ ಅನಿಸುವುದಿಲ್ಲ. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿ ಸ್ವಚ್ಛ ಇಂಧನದ ಸಂಶೋಧನೆಗೆ, ಹೊಸ ಬಗೆಯ ಯೋಜನೆಗಳಿಗೆ ಎಂದು ಒಂದು ನಿಧಿ ಮಾಡಿದ್ದರು. ಸೆಸ್ 400 ರೂಪಾಯಿಯವರೆಗೆ ಏರಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಅದರ ಜಾಗಕ್ಕೆ ರಾಜ್ಯಗಳಿಗೆ ಪರಿಹಾರ ಕೊಡುವ ಸೆಸ್ ಬಂತು, ನಿಧಿಗೆ ಬರುವ ಹರಿವು ನಿಂತಿತು. ಆ ನಿಧಿ ಉಳಿದಿದ್ದರೆ ನಮ್ಮಂಥವರಿಗೆ ಎಷ್ಟು ಅನುಕೂಲವಿತ್ತು ಎಂದು ಈಗಲೂ ಅನಿಸುತ್ತದೆ.

ಇನ್ನು ನಮ್ಮ ರಾಜ್ಯದ ಬಾಗಿಲುಗಳು. ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಕೆಎಸ್‌ಸಿಎಸ್‌ಟಿ, ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ. 1975ರಲ್ಲಿ ಹುಟ್ಟಿದ ಇದರ ಕಚೇರಿ ಇರುವುದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ. ಕೊನೆಯ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಹಣ ಕೊಡುವ ಅದರ ಯೋಜನೆ ದಶಕಗಳಿಂದ ನಡೆಯುತ್ತಿದೆ. ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕು. ಗೈಡ್, ಎಚ್‌ಒಡಿ, ಪ್ರಾಂಶುಪಾಲರ ಸಹಿ ಬೇಕು. ಮೊತ್ತ ಸಣ್ಣದು. ಆದರೆ ತಜ್ಞರು ಬಂದು ಕೂತು ಪ್ರಾಜೆಕ್ಟು ನೋಡಿ ಪ್ರಶ್ನೆ ಕೇಳುತ್ತಾರೆ, ಚೆನ್ನಾಗಿದ್ದರೆ ರಾಜ್ಯಮಟ್ಟದ ಪ್ರದರ್ಶನಕ್ಕೆ ಹೋಗುತ್ತದೆ. ನಮ್ಮ ಅಡಿಕೆ ಹುಡುಗ ನಾಲ್ಕು ಜನರ ಮುಂದೆ ನಿಂತು ಮಾತಾಡಲು ಕಲಿತದ್ದು ಅಲ್ಲಿ. ಹೊಂಗೆ, ಬೇವು, ಹಳೆ ಅಡುಗೆ ಎಣ್ಣೆಯಿಂದ ಇಂಧನ ಮಾಡುವ ಪ್ರಾಜೆಕ್ಟುಗಳಿಗೆ ರಾಜ್ಯ ಜೈವಿಕ ಇಂಧನ ಮಂಡಳಿಯ ನೆರವಿನಿಂದ ಬೇರೆ ವಿಭಾಗವನ್ನೇ ನಡೆಸಿದ್ದಾರೆ. ಅಧ್ಯಾಪಕರಿಗೆ, ಪ್ರಯೋಗಾಲಯ ಕಟ್ಟಲು, ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ವಿಷನ್ ಗ್ರೂಪ್ ಕರೆಗಳನ್ನು ಗಮನಿಸಿ.

ಕಂಪನಿ ಮಾಡಿಕೊಂಡವರಿಗೆ ದಾರಿ ಬೇರೆ. ಕೈಯಲ್ಲಿ ಇನ್ನೂ ಚಿತ್ರ ಮಾತ್ರ ಇದ್ದರೆ, ಮೊದಲ ಮಾದರಿ ಕಟ್ಟಲು ವಿಜ್ಞಾನ ತಂತ್ರಜ್ಞಾನ ಇಲಾಖೆಯ ನಿಧಿ-ಪ್ರಯಾಸ್‌ನಲ್ಲಿ ಗರಿಷ್ಠ 10 ಲಕ್ಷದವರೆಗೆ ಸಿಗುತ್ತದೆ. ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ ಕಲ್ಪನೆ ಸಾಬೀತು ಮಾಡಲು 20 ಲಕ್ಷದವರೆಗೆ ಅನುದಾನ ಇದೆ, ಕಂಪನಿಗೆ ಎರಡು ವರ್ಷ ಮೀರಿರಬಾರದು. ಎರಡಕ್ಕೂ ನೇರ ದೆಹಲಿಗೆ ಹೋಗುವಂತಿಲ್ಲ, ಹೊಸ ಕಂಪನಿಗಳನ್ನು ಬೆಳೆಸುವ, ಮಾನ್ಯತೆ ಪಡೆದ ಇನ್‌ಕ್ಯುಬೇಟರ್ ಕೇಂದ್ರದ ಮೂಲಕವೇ ಹೋಗಬೇಕು. ಕರ್ನಾಟಕ ಸರ್ಕಾರದ ಸ್ಟಾರ್ಟ್‌ಅಪ್ ಯೋಜನೆ 'ಎಲಿವೇಟ್'ನಲ್ಲಿ 50 ಲಕ್ಷದವರೆಗೆ ಅನುದಾನ ಉಂಟು. 2025ರ ಜುಲೈನಲ್ಲಿ ಸಂಪುಟ ಒಪ್ಪಿದ ಒಂದು ಲಕ್ಷ ಕೋಟಿಯ ಆರ್‌ಡಿಐ (ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯ) ನಿಧಿಯ ಸುದ್ದಿ ಓದಿ ಬಹಳ ಜನ ನನಗೆ ಫೋನ್ ಮಾಡಿದರು. ಅದು ಅನುದಾನವಲ್ಲ, ಮುಖ್ಯವಾಗಿ ಕಡಿಮೆ ಬಡ್ಡಿಯ ಅಥವಾ ಬಡ್ಡಿಯಿಲ್ಲದ ದೀರ್ಘಾವಧಿ ಸಾಲ. ಖಾಸಗಿ ಉದ್ಯಮಕ್ಕೆ, ಅದೂ ಪ್ರಯೋಗಾಲಯದಲ್ಲಿ ಆಗಲೇ ಕೆಲಸ ಮಾಡಿ ತೋರಿಸಿದ ತಂತ್ರಜ್ಞಾನಕ್ಕೆ, ಎರಡನೇ ಹಂತದ ನಿಧಿ ನಿರ್ವಾಹಕರ ಮೂಲಕ ಬರುವ ಹಣ. ಕಾಲೇಜಿನ ಮೇಷ್ಟ್ರಿಗೆ ಅಲ್ಲಿ ಸದ್ಯ ಜಾಗವಿಲ್ಲ.

ಈ 'ಪ್ರಯೋಗಾಲಯದಲ್ಲಿ ಕೆಲಸ ಮಾಡಿದ' ಅನ್ನುವುದಕ್ಕೆ ಒಂದು ಅಳತೆಗೋಲಿದೆ: ಟಿಆರ್‌ಎಲ್, ತಂತ್ರಜ್ಞಾನದ ಸಿದ್ಧತೆಯ ಮಟ್ಟ, 1ರಿಂದ 9. ಒಣಗುವ ತತ್ವ ಕಾಗದದ ಮೇಲಿದ್ದರೆ 1 ಅಥವಾ 2. ಪ್ರಯೋಗಾಲಯದ ಪುಟ್ಟ ಪೆಟ್ಟಿಗೆಯಲ್ಲಿ ಎರಡು ಕೆ.ಜಿ. ಅಡಿಕೆ ಒಣಗಿದರೆ 3, ಇಡೀ ಜೋಡಣೆ ಅಲ್ಲೇ ಕೆಲಸ ಮಾಡಿದರೆ 4. ರೈತರ ಅಂಗಳದಲ್ಲಿ, ಮಳೆ ಗಾಳಿಯಲ್ಲಿ ಒಂದು ಕ್ವಿಂಟಲ್ ಒಣಗಿದರೆ 6ರ ಸುತ್ತ. ಅಂಗಡಿಯಲ್ಲಿ ಮಾರಾಟಕ್ಕಿದ್ದು ಜನ ಬಳಸುತ್ತಿದ್ದರೆ 9. ನಿಮ್ಮ ಮಟ್ಟವನ್ನು ಪ್ರಾಮಾಣಿಕವಾಗಿ ಬರೆಯಿರಿ. ನಾನು ಮೊದಲ ಸಲ 3ನ್ನು 5 ಎಂದು ಬರೆದಿದ್ದೆ. ಫೋಟೋ ನೋಡಿದ ತಕ್ಷಣ ಸಮಿತಿಯವರಿಗೆ ತಿಳಿಯಿತು, ಆಮೇಲೆ ನಾನು ಹೇಳಿದ ಉಳಿದ ಮಾತಿಗೂ ತೂಕ ಉಳಿಯಲಿಲ್ಲ.

ಮೂರನೇ ಹೆಜ್ಜೆ: ಸಂಸ್ಥೆಯ ಕಾಗದ

ಇದು ಬೇಸರದ ಕೆಲಸ, ಆದರೆ ಕರೆ ಬಂದಮೇಲೆ ಶುರು ಮಾಡಿದರೆ ಮುಗಿಯುವುದಿಲ್ಲ. ನಿಮ್ಮ ಕಾಲೇಜು ಟ್ರಸ್ಟ್ ಅಥವಾ ಸೊಸೈಟಿಯದ್ದಾದರೆ ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್ಲಿನ ನೋಂದಣಿ ಸಂಖ್ಯೆ ಇದೆಯೇ ಕೇಳಿ. ಸರ್ಕಾರದ ಹಣ ಪಾವತಿಯಾಗುವ ಪಿಎಫ್‌ಎಂಎಸ್ ಪೋರ್ಟಲ್ಲಿನಲ್ಲಿ ನೋಂದಣಿ ಆಗಿದೆಯೇ, ಪಾಸ್‌ವರ್ಡ್ ಯಾರ ಹತ್ತಿರ ಇದೆ ಕೇಳಿ. ಎಷ್ಟೋ ಕಾಲೇಜಿನಲ್ಲಿ ಅದು ಕೆಲಸ ಬಿಟ್ಟುಹೋದ ಗುಮಾಸ್ತರ ಮೊಬೈಲಿಗೆ ಜೋಡಿಯಾಗಿರುತ್ತದೆ. ಖಾಸಗಿ ಸಂಸ್ಥೆಯಾದರೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆ (ಡಿಎಸ್‌ಐಆರ್) ಕೊಡುವ ಸಂಶೋಧನಾ ಸಂಸ್ಥೆ ಮಾನ್ಯತೆಯನ್ನು ಕೆಲವು ಕರೆಗಳು ಕೇಳುತ್ತವೆ. ಮೂರು ವರ್ಷದ ಆಡಿಟ್ ಆದ ಲೆಕ್ಕಪತ್ರ, ಆಡಳಿತ ಮಂಡಳಿಯ ಒಪ್ಪಿಗೆ ಪತ್ರ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಆಫೀಸಿನ ಲೆಕ್ಕದವರ ಜೊತೆ ಈಗಲೇ ಸ್ನೇಹ ಬೆಳೆಸಿ. ಯೋಜನೆ ನಡೆಯುವ ಮೂರು ವರ್ಷವೂ ನಿಮ್ಮ ನಿಜವಾದ ಜೊತೆಗಾರರು ಅವರೇ.

ನಾಲ್ಕನೇ ಹೆಜ್ಜೆ: ಪ್ರಸ್ತಾವ ಬರೆಯುವುದು

ಕರೆಯ ಪಠ್ಯವನ್ನು ಮೂರು ಸಲ ಓದಿ. ಅಲ್ಲಿ ಬಳಸಿದ ಪದಗಳ ಕೆಳಗೆ ಗೆರೆ ಎಳೆಯಿರಿ. ಅವರು "ಶಕ್ತಿ ಸಂಗ್ರಹ" ಎಂದು ಕೇಳಿದ್ದರೆ ನಿಮ್ಮ ಒಣಗೂಡಿನಲ್ಲಿ ರಾತ್ರಿಗೆ ಶಾಖ ಕೂಡಿಡುವ ಕಲ್ಲಿನ ಹಾಸು ಮುಖ್ಯವಾಗುತ್ತದೆ. "ಗ್ರಾಮೀಣ ಜೀವನೋಪಾಯ" ಎಂದಿದ್ದರೆ ಒಣಗುವ ದಿನ ಎಷ್ಟು ಕಡಿಮೆಯಾಗುತ್ತದೆ ಎಂಬುದು. ಯೋಜನೆ ಒಂದೇ. ಮೊದಲ ಪುಟದಲ್ಲಿ ಏನು ಬರಬೇಕು ಎಂಬುದು ಕರೆಯಿಂದ ಕರೆಗೆ ಬದಲಾಗುತ್ತದೆ.

ನನ್ನ ಮೊದಲ ಪ್ರಸ್ತಾವ ಹೀಗೆ ಶುರುವಾಗಿತ್ತು: "ಇಂದಿನ ಜಗತ್ತಿನಲ್ಲಿ ಇಂಧನದ ಬೇಡಿಕೆ ದಿನೇದಿನೇ ಹೆಚ್ಚುತ್ತಿದೆ." ಪರಿಶೀಲಕರು ಬರೆದ ಟಿಪ್ಪಣಿ ಒಂದೇ ಸಾಲು: ಹೊಸತೇನು ಎಂಬುದು ಸ್ಪಷ್ಟವಿಲ್ಲ. ಎರಡು ವಾರ ಸಿಟ್ಟಿನಲ್ಲಿದ್ದೆ. ಆಮೇಲೆ ಅವರ ಜಾಗದಲ್ಲಿ ಕೂತು ಓದಿದೆ. ಸೌರ ಒಣಗೂಡು ನೂರಾರು ಜನ ಮಾಡಿದ್ದಾರೆ. ನಾನು ಅವರಿಗಿಂತ ಬೇರೆ ಏನು ಮಾಡುತ್ತೇನೆ ಎಂದು ನಾಲ್ಕನೇ ಪುಟದವರೆಗೂ ಹೇಳಿರಲಿಲ್ಲ. ಗೆದ್ದ ಪ್ರಸ್ತಾವದ ಮೊದಲ ವಾಕ್ಯ ಬೇರೆ ಥರ ಇತ್ತು: ಕೆಂಪಡಿಕೆಯನ್ನು ಬೇಯಿಸಿದ ಒಲೆಯ ಹೊಗೆಯಲ್ಲಿ ಹಾಳಾಗುವ ಶಾಖದಿಂದಲೇ, ಬಿಸಿಲಿಲ್ಲದ ದಿನ, ಬಣ್ಣ ಕೆಡದಂತೆ ಅದೇ ಅಡಿಕೆಯನ್ನು ಒಣಗಿಸಬಹುದೇ? ಇದರಲ್ಲಿ ಪ್ರಶ್ನೆಯಿದೆ, ಮಿತಿಯಿದೆ, ಸೋಲುವ ಸಾಧ್ಯತೆಯೂ ಇದೆ. 'ಬಣ್ಣ ಕೆಡದಂತೆ' ಎಂಬ ಮಾತು ಹೊಳೆದದ್ದು ಮಂಡಿಯಲ್ಲಿ ಒಬ್ಬ ವ್ಯಾಪಾರಿಯ ಪಕ್ಕ ಅರ್ಧ ದಿನ ಕೂತಾಗ. ಹೊಗೆ ತಾಗಿ ಕಪ್ಪಾದ ಅಡಿಕೆಯನ್ನು ಅವರು ಕೈಯಲ್ಲಿ ಹಿಡಿದ ಕೂಡಲೇ ಬದಿಗಿಡುತ್ತಿದ್ದರು.

ಕೆಲಸದ ವೇಳಾಪಟ್ಟಿ ಬರೆಯುವಾಗ ಊರಿನ ಪಂಚಾಂಗ ಮರೆಯಬೇಡಿ. ಅಡಿಕೆಯಂಥ ಬೆಳೆಗೆ ವರ್ಷಕ್ಕೊಂದೇ ಸೀಸನ್. ಹಣ ಜನವರಿಯಲ್ಲಿ ಬಂದರೆ ಮೊದಲ ಕ್ಷೇತ್ರ ಪ್ರಯೋಗಕ್ಕೆ ಮುಂದಿನ ಕೊಯ್ಲಿನವರೆಗೆ ಕಾಯಬೇಕು. ಮೂರು ವರ್ಷದ ಯೋಜನೆಯಲ್ಲಿ ನಿಮಗೆ ಸಿಗುವುದು ಎರಡೇ ಸೀಸನ್ ಎಂದು ಬರೆಯಿರಿ, ಮೂರು ಎಂದಲ್ಲ.

ಐದನೇ ಹೆಜ್ಜೆ: ಬಜೆಟ್

ಬಜೆಟ್ಟನ್ನು ಕೊನೆಯ ರಾತ್ರಿ ಬರೆಯುವವರು ಬಹಳ. ಆದರೆ ಪರಿಶೀಲಕರು ನಿಮ್ಮ ತಿಳಿವಳಿಕೆ ಅಳೆಯುವುದು ಅಲ್ಲೇ. ಒಂದು ಉದಾಹರಣೆ ಹಾಕಿ ತೋರಿಸುತ್ತೇನೆ. ಮೂರು ವರ್ಷಕ್ಕೆ ಒಬ್ಬ ಸಂಶೋಧನಾ ಸಹಾಯಕರು ಬೇಕು ಅಂದುಕೊಳ್ಳಿ. 2023ರ ಜನವರಿಯಿಂದ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ) ವೇತನ ತಿಂಗಳಿಗೆ 37,000, ಎಸ್‌ಆರ್‌ಎಫ್ (ಹಿರಿಯ ಫೆಲೋ) 42,000. ಮೊದಲೆರಡು ವರ್ಷ 37,000ದಂತೆ 8,88,000. ಮೂರನೇ ವರ್ಷ 42,000ದಂತೆ 5,04,000. ಒಟ್ಟು 13,92,000. ಇದರ ಮೇಲೆ ಮನೆ ಬಾಡಿಗೆ ಭತ್ಯೆ. ಅದು ಊರಿನ ದರ್ಜೆಯ ಮೇಲೆ ಹೋಗುತ್ತದೆ, ಬೆಂಗಳೂರಿಗೊಂದು, ಮೈಸೂರು ಹುಬ್ಬಳ್ಳಿಯಂಥವಕ್ಕೆ ಇನ್ನೊಂದು, ನಮ್ಮಂಥ ಊರಿಗೆ ಮತ್ತೊಂದು.

ಉಪಕರಣಕ್ಕೆ ಕೊಟೇಶನ್ ತರಿಸುವಾಗ ತೆರಿಗೆ ಸೇರಿಸಿಯೇ ಬರೆಸಿಕೊಳ್ಳಿ. ಸಂಶೋಧನಾ ಉಪಕರಣಕ್ಕೆ ಹಿಂದೆ ಶೇ 5ರ ರಿಯಾಯಿತಿ ದರದ ಜಿಎಸ್‌ಟಿ ಇತ್ತು, 2022ರ ಜುಲೈಯಲ್ಲಿ ಅದು ಹೋಯಿತು. ಶೇ 18ರ ತೆರಿಗೆಯಲ್ಲಿ 6 ಲಕ್ಷದ ಉಪಕರಣ 7,08,000 ಆಗುತ್ತದೆ. ಆ 1,08,000ವನ್ನು ಬಿಟ್ಟು ಬಜೆಟ್ ಕೊಟ್ಟ ನನ್ನ ಸಹೋದ್ಯೋಗಿಯೊಬ್ಬರು ಕೊನೆಗೆ ಸೆನ್ಸರ್‌ಗಳ ಸಂಖ್ಯೆ ಅರ್ಧ ಮಾಡಬೇಕಾಯಿತು. ಉಪಕರಣ ಒಂದು ಬಾಬ್ತು, ಸಂಬಳ, ಕಚ್ಚಾವಸ್ತು, ಪ್ರಯಾಣ ಬೇರೆ ಬಾಬ್ತು. ಮಂಜೂರಾದ ಮೇಲೆ ಒಂದರಿಂದ ಇನ್ನೊಂದಕ್ಕೆ ಅನುಮತಿಯಿಲ್ಲದೆ ಹಣ ತಿರುಗಿಸುವಂತಿಲ್ಲ. ಹಾಗಾಗಿ ಪ್ರಯಾಣಕ್ಕೆ ನಾಚಿಕೊಂಡು ಕಡಿಮೆ ಬರೆಯಬೇಡಿ. ಹಳ್ಳಿಗೆ ನಲವತ್ತು ಸಲ ಹೋಗಬೇಕಾದರೆ ನಲವತ್ತು ಸಲ ಎಂದೇ ಬರೆದು ಲೆಕ್ಕ ತೋರಿಸಿ. ರೈತರ ಅಂಗಳ, ಸೌದೆ, ಕೂಲಿ ಬಳಸಿಕೊಳ್ಳುತ್ತೀರಿ, ಅದಕ್ಕೂ ಒಂದು ಸಾಲು ಇರಲಿ. ಅವರ ಅಡಿಕೆ ನಿಮ್ಮ ಪ್ರಯೋಗದಲ್ಲಿ ಕೆಟ್ಟರೆ ನಷ್ಟ ತುಂಬಿಕೊಡುವುದು ನಮ್ಮ ಧರ್ಮ.

ಆರನೇ ಹೆಜ್ಜೆ: ಸಮಿತಿಯ ಮುಂದೆ

ಮೊದಲ ಪಟ್ಟಿಯಲ್ಲಿ ಹೆಸರು ಬಂದರೆ ಹತ್ತು ನಿಮಿಷದಷ್ಟು ಮಾತಿಗೆ ಕರೆಯುತ್ತಾರೆ, ಈಗ ಹೆಚ್ಚಾಗಿ ಆನ್‌ಲೈನಿನಲ್ಲೇ. ಹತ್ತು ಸ್ಲೈಡಿಗಿಂತ ಹೆಚ್ಚು ಬೇಡ. ಮೂರನೇ ಸ್ಲೈಡಿನೊಳಗೆ ನಿಮ್ಮದೇ ಅಳತೆಯ ಒಂದು ಗ್ರಾಫ್ ಬರಲಿ. "ಇದನ್ನು ನಿಮ್ಮ ಕಾಲೇಜಿನಲ್ಲಿ ಮಾಡಲು ಸಾಧ್ಯವೇ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಇರುವ ಉಪಕರಣದ ಪಟ್ಟಿ, ಇಲ್ಲದ್ದನ್ನು ಎಲ್ಲಿ ಬಳಸುತ್ತೀರಿ ಎಂಬ ಪತ್ರ ಕೈಲಿರಲಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ.

ತಿರಸ್ಕಾರ ಬಂದರೆ ಪರಿಶೀಲಕರ ಟಿಪ್ಪಣಿ ಕೇಳಿ ಪಡೆಯಿರಿ. ಒಂದು ಕಚೇರಿಯಿಂದ ನನಗೆ ಹದಿನಾಲ್ಕು ತಿಂಗಳು ಉತ್ತರವೇ ಬರಲಿಲ್ಲ. ಫೋನ್ ಮಾಡಿದಾಗಲೆಲ್ಲ "ಪರಿಶೀಲನೆಯಲ್ಲಿದೆ". ಕೊನೆಗೆ ತಿಳಿದದ್ದು ಆ ಕರೆಯನ್ನೇ ಕೈಬಿಟ್ಟಿದ್ದರು ಎಂದು. ವಿದ್ಯಾರ್ಥಿಯ ಎರಡು ಸೀಸನ್ ಅದರಲ್ಲಿ ಕರಗಿಹೋಯಿತು, ಆ ನೋವು ಈಗಲೂ ಇದೆ. ಆದ್ದರಿಂದ ಒಂದೇ ಅರ್ಜಿಯನ್ನು ನಂಬಿ ಕೂರಬೇಡಿ. ಒಂದೇ ಕೆಲಸಕ್ಕೆ ಎರಡು ಕಡೆ ಹಣ ಪಡೆಯುವುದು ತಪ್ಪು. ಬೇರೆ ಕಡೆಯೂ ಅರ್ಜಿಯಿದೆ ಎಂದು ತಿಳಿಸಿ ಹಾಕುವುದು ತಪ್ಪಲ್ಲ.

ಏಳನೇ ಹೆಜ್ಜೆ: ಹಣ ಮಂಜೂರಾದ ಮೇಲೆ

ಮಂಜೂರಾತಿ ಆದೇಶದ ಪ್ರತಿ ಷರತ್ತನ್ನೂ ಲೆಕ್ಕದವರ ಜೊತೆ ಕೂತು ಓದಿ. ಅನೇಕ ಯೋಜನೆಗಳಲ್ಲಿ ಈಗ ಹಣ ಗಂಟಾಗಿ ಕಾಲೇಜಿನ ಖಾತೆಗೆ ಬರುವುದಿಲ್ಲ. ನಿಮ್ಮ ಹೆಸರಿಗೆ ಒಂದು ಮಿತಿ ನಿಗದಿಯಾಗುತ್ತದೆ. ಬಿಲ್ಲು ಬಂದಾಗ ಅಷ್ಟು ಮಾತ್ರ ಹೊರಡುತ್ತದೆ. ಮಾರ್ಚ್ 31ಕ್ಕೆ ಬಳಸದ ಮಿತಿ ಅಳಿಸಿಹೋಗುತ್ತದೆ, ಮುಂದಿನ ವರ್ಷ ಹೊಸದಾಗಿ ಬರಬೇಕು. ನಮಗೆ ಮೊದಲ ಕಂತು ಸಿಕ್ಕಿದ್ದು ಫೆಬ್ರುವರಿ ಮೂರನೇ ವಾರ. ಕೊಟೇಶನ್, ತಾಂತ್ರಿಕ ವಿವರ, ಖರೀದಿ ಸಮಿತಿಯ ಹೆಸರುಗಳು ಮೊದಲೇ ಸಿದ್ಧವಿದ್ದುದರಿಂದ ಮಾತ್ರ ಅಳತೆಗಳನ್ನು ದಾಖಲಿಸುವ ಡಾಟಾ ಲಾಗರ್ ಕೊಳ್ಳಲಾಯಿತು. ಮಂಜೂರಾತಿ ಪತ್ರ ಬರುವ ಮುಂಚೆಯೇ ಈ ಮೂರನ್ನೂ ಸಿದ್ಧ ಮಾಡಿಕೊಳ್ಳಿ.

ಖರೀದಿಗೆ ಕೇಂದ್ರದ ಸಾಮಾನ್ಯ ಹಣಕಾಸು ನಿಯಮ 2017, ಅಂದರೆ ಜಿಎಫ್‌ಆರ್, ಅನ್ವಯ. ಸಾಮಾನ್ಯವಾಗಿ ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ಲಿನಲ್ಲಿ ಮೊದಲು ನೋಡಬೇಕು. 2025ರ ಜೂನ್‌ನಲ್ಲಿ ವಿಜ್ಞಾನ ಇಲಾಖೆಗಳ ಸಂಶೋಧನಾ ಖರೀದಿಗೆ ಸಡಿಲಿಕೆ ಬಂತು, ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ ಏರಿತು. ನಿಮಗೆ ಹಣ ಕೊಟ್ಟ ಇಲಾಖೆಗೆ, ನಿಮ್ಮ ಸಂಸ್ಥೆಗೆ ಅದು ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಕೊಂಡ ದಿನವೇ ಸ್ಟಾಕ್ ರಿಜಿಸ್ಟರಿನಲ್ಲಿ ಬರೆದು, ಉಪಕರಣದ ಮೇಲೆ ಯೋಜನೆಯ ಸಂಖ್ಯೆ ಬಣ್ಣದಲ್ಲಿ ಬರೆಸಿ. ಅನುದಾನದಿಂದ ಕೊಂಡದ್ದನ್ನು ಅನುಮತಿಯಿಲ್ಲದೆ ಮಾರುವಂತಿಲ್ಲ, ಬೇರೆ ಕೆಲಸಕ್ಕೆ ಹಚ್ಚುವಂತಿಲ್ಲ.

ಹೊಸದೇನಾದರೂ ಹೊಳೆದರೆ ಪ್ರಬಂಧ ಕಳಿಸುವ ಮೊದಲು ಪೇಟೆಂಟಿನ ಮಾತಾಡಿ. ಕೆಎಸ್‌ಸಿಎಸ್‌ಟಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವಿದೆ. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕದಲ್ಲಿ ಶೇ 80ರಷ್ಟು ರಿಯಾಯಿತಿ ಇರುವುದರಿಂದ ದುಡ್ಡಿನ ನೆಪ ಉಳಿದಿಲ್ಲ.

ಎಂಟನೇ ಹೆಜ್ಜೆ: ಬಳಕೆ ಪ್ರಮಾಣಪತ್ರ

ಎಲ್ಲರೂ 'ಯುಸಿ' ಅನ್ನುವ ಈ ಕಾಗದ ಜಿಎಫ್‌ಆರ್ 12-ಎ ನಮೂನೆಯಲ್ಲಿರುತ್ತದೆ. ಕಳೆದ ವರ್ಷದ ಉಳಿಕೆ, ಈ ವರ್ಷ ಬಂದದ್ದು, ಬಡ್ಡಿ, ಖರ್ಚು, ಉಳಿದದ್ದು. ಸಂಸ್ಥೆಯ ಮುಖ್ಯಸ್ಥರ, ಹಣಕಾಸು ಮುಖ್ಯಸ್ಥರ ಸಹಿ. ಇದು ಹೋಗದೆ ಮುಂದಿನ ಕಂತು ಬರುವುದಿಲ್ಲ. ಹೆಚ್ಚು ಜನ ಮುಗ್ಗರಿಸುವುದು ಬಡ್ಡಿಯಲ್ಲಿ. ಅನುದಾನದ ಹಣಕ್ಕೆ ಬ್ಯಾಂಕ್ ಕೊಟ್ಟ ಬಡ್ಡಿ ನಿಮ್ಮದಲ್ಲ, ಸರ್ಕಾರಕ್ಕೆ ಹಿಂತಿರುಗಿಸಬೇಕು. ನಮ್ಮಲ್ಲಿ ಒಮ್ಮೆ 614 ರೂಪಾಯಿ ಬಡ್ಡಿ ತೋರಿಸದೆ ಬಿಟ್ಟಿದ್ದಕ್ಕೆ ಕಂತು ಐದು ತಿಂಗಳು ನಿಂತಿತು. ಅಷ್ಟೂ ತಿಂಗಳು ಸಂಶೋಧನಾ ಸಹಾಯಕಿಗೆ ಸಂಬಳವಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಅಜ್ಜಿ ಹೇಳುತ್ತಿದ್ದುದು ಆಗ ನಿಜಕ್ಕೂ ನೆನಪಾಯಿತು. ಈಗ ನಾನು ಪ್ರತಿ ತಿಂಗಳ ಐದನೇ ತಾರೀಕು ಲೆಕ್ಕದವರ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಪಾಸ್‌ಬುಕ್ಕಿಗೂ ಬಿಲ್ಲಿನ ಫೈಲಿಗೂ ತಾಳೆ ಹಾಕುತ್ತೇನೆ. ಅರ್ಧ ಗಂಟೆಯ ಕೆಲಸ.

ಯೋಜನೆ ಮುಗಿದ ಮೇಲೆ ಅಂತಿಮ ವರದಿ, ಆಡಿಟ್ ಆದ ಖರ್ಚಿನ ಪಟ್ಟಿ, ಉಪಕರಣಗಳ ಪಟ್ಟಿ ಕೊಡಬೇಕು. ಉಪಕರಣ ಸಂಸ್ಥೆಯಲ್ಲೇ ಉಳಿಸಿಕೊಳ್ಳಲು ಅನುಮತಿ ಕೇಳಿ ಪತ್ರ ಬರೆಯಬೇಕು. ವರದಿಯಲ್ಲಿ ಆಗದೆ ಹೋದದ್ದನ್ನೂ ಬರೆಯಿರಿ. ನಮ್ಮ ಒಣಗೂಡು ಮೊದಲ ಸೀಸನ್ನಿನಲ್ಲಿ ಕೆಳಗಿನ ತಟ್ಟೆಯ ಅಡಿಕೆಯನ್ನು ಅತಿಯಾಗಿ ಒಣಗಿಸಿತು, ಮೇಲಿನದು ಹಸಿಯೇ ಉಳಿಯಿತು. ಗಾಳಿ ಹರಿಯುವ ದಾರಿ ಬದಲಿಸಿದ್ದು ಎರಡನೇ ಸೀಸನ್ನಿನಲ್ಲಿ. ಎರಡೂ ಸೀಸನ್ನಿನ ಅಂಕಿಗಳನ್ನು ವರದಿಯಲ್ಲಿಟ್ಟೆವು. ವರದಿಯ ಒಂದು ಕನ್ನಡ ಪ್ರತಿಯನ್ನು, ಹನ್ನೆರಡು ಪುಟಕ್ಕೆ ಇಳಿಸಿ, ಆ ಹನ್ನೊಂದು ಮನೆಗಳಿಗೂ ಕೊಟ್ಟು ಬಂದೆವು. ಸೌದೆಯ ಪ್ರಶ್ನೆ ಕೇಳಿದ ಹುಡುಗನ ತಂದೆ ಅದನ್ನು ಅಂಗಳದಲ್ಲೇ ನಿಂತು ಓದಿ, ಒಲೆಯ ಬಾಯಿ ಎಷ್ಟು ಅಂಗುಲ ಕಿರಿದು ಮಾಡಬೇಕು ಎಂದು ಕೇಳಿದರು. ಮಗ ಟೇಪು ತರಲು ಒಳಗೆ ಹೋದ.